ಎಡೈಜಾ ಸರೋವರಕ್ಕೆ ಹೋದ ಕ್ಯಾಮೆರಾಗಳು

1937ರ ಜುಲೈ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ಎಡೈಜಾ ಎಂಬ ಸಣ್ಣ ಸರೋವರದ ದಂಡೆಗೆ ಒಂದು ತಂಡ ಬಂದು ಡೇರೆ ಹಾಕಿತು. ಜಾಗ ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಅಂದಮೇಲೆ ಲೆಕ್ಕ ಹಾಕಿಕೊಳ್ಳಿ. ರಸ್ತೆ ಮುಗಿಯುವ ಆಗ್ನ್ಯೂ ಹುಲ್ಲುಗಾವಲಿನಿಂದ ಹನ್ನೊಂದು ಕಿಲೋಮೀಟರಿನಷ್ಟು ಕಾಲುದಾರಿ. ಸಾಮಾನು ಹೊರುವುದಕ್ಕೆ ಹೇಸರಗತ್ತೆ.

ತಂಡದಲ್ಲಿದ್ದವರಲ್ಲಿ ಮೂವರ ಹೆಸರು ಮುಖ್ಯ. ಒಬ್ಬರು ಆನ್ಸೆಲ್ ಆಡಮ್ಸ್, ಆಗ 35 ವರ್ಷ. ಇನ್ನೊಬ್ಬರು ಎಡ್ವರ್ಡ್ ವೆಸ್ಟನ್, 51 ವರ್ಷ. ಮೂರನೆಯವರು ಕ್ಯಾರಿಸ್ ವಿಲ್ಸನ್, 23 ವರ್ಷದ ಹೆಣ್ಣುಮಗಳು. ವೆಸ್ಟನ್‌ಗೆ ಆ ವರ್ಷ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತ್ತು, 2,000 ಡಾಲರ್. ಅದುವರೆಗೆ ಯಾವ ಫೋಟೊಗ್ರಾಫರನಿಗೂ ಆ ಹಣ ಸಿಕ್ಕಿರಲಿಲ್ಲ. ಆದರೆ ವೆಸ್ಟನ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಾರು ಓಡಿಸಿದ್ದು, ದಿನಚರಿ ಬರೆದಿಟ್ಟಿದ್ದು, ಅಡುಗೆ ಸಾಮಾನಿನ ಲೆಕ್ಕ ನೋಡಿಕೊಂಡಿದ್ದು ಎಲ್ಲ ಕ್ಯಾರಿಸ್.

ಆ ಸರೋವರದಲ್ಲಿ ಹೆಚ್ಚು ಹೆಸರಾದ ಫೋಟೊದಲ್ಲಿ ಸರೋವರವೇ ಕಾಣುವುದಿಲ್ಲ. ಬಂಡೆಗೆ ಒರಗಿ ಕೂತ ಕ್ಯಾರಿಸ್ ಕಾಣುತ್ತಾರೆ. ಮೊಣಕಾಲಿನ ತನಕ ಲೇಸು ಕಟ್ಟಿದ ಬೂಟು, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ದಣಿದ ಮುಖ. ಅದೇನೋ ಫ್ಯಾಷನ್ ಎಂದು ನೋಡಿದವರು ಎಷ್ಟೋ ಬರೆದಿದ್ದಾರೆ. ಆ ಬಟ್ಟೆ ಸುತ್ತಿದ್ದು ಸೊಳ್ಳೆಗೆ! ಹಿಮ ಕರಗುವ ಜುಲೈನಲ್ಲಿ ಆ ಹುಲ್ಲುಗಾವಲುಗಳಲ್ಲಿ ಸೊಳ್ಳೆ ಎಷ್ಟಿರುತ್ತದೆ ಎಂದರೆ ಉಸಿರು ಎಳೆದರೆ ಮೂಗಿಗೆ ಬರುತ್ತವೆ. ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ನಮ್ಮ ಕಡೆ 'ಕೆರೆ' ಎಂದರೆ ಯಾರೋ ಕಟ್ಟಿಸಿದ್ದು. ಏರಿ ಇರುತ್ತದೆ, ತೂಬು ಇರುತ್ತದೆ, ಕಟ್ಟಿಸಿದವರ ಹೆಸರಿನ ಕಲ್ಲೂ ಕೆಲವು ಕಡೆ ಇರುತ್ತದೆ. ಎಡೈಜಾವನ್ನು ಯಾರೂ ಕಟ್ಟಿಲ್ಲ. ಸಾವಿರಾರು ವರ್ಷಗಳ ಹಿಂದೆ ಹಿಮನದಿ ಕಲ್ಲನ್ನು ಬಟ್ಟಲಿನ ಹಾಗೆ ಕೊರೆದು ಹೋಯಿತು, ಆಮೇಲೆ ಕರಗಿದ ನೀರು ತುಂಬಿತು. ಅದಕ್ಕೇ ಸರೋವರ ಎನ್ನುತ್ತಿದ್ದೇವೆ. ಇಂಥ ಸರೋವರ ನಿಧಾನವಾಗಿ ಹೂಳು ತುಂಬುತ್ತ ಹೋದಂತೆ ಜೌಗಾಗುತ್ತದೆ, ಜೌಗು ಹುಲ್ಲುಗಾವಲಾಗುತ್ತದೆ. ಅಲ್ಲಿನ ಎಷ್ಟೋ ಹುಲ್ಲುಗಾವಲುಗಳು ಒಂದು ಕಾಲದ ಸರೋವರಗಳೇ.

ಎಡೈಜಾದ ಹಿಂದೆ ಮಿನರೆಟ್ಸ್ ಎಂಬ ಕಲ್ಲಿನ ಶಿಖರಗಳು ಸಾಲಾಗಿ ನಿಂತಿವೆ. ಮಸೀದಿಯ ಮಿನಾರುಗಳ ಹಾಗೆ ಚೂಪಾಗಿರುವುದಕ್ಕೆ ಆ ಹೆಸರು. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಫೋನಿನಲ್ಲಿ ಒಂದು ಬೆಟ್ಟದ ಫೋಟೊ ತೆಗೆಯಲು ಒಂದು ಸೆಕೆಂಡೂ ಬೇಡ. ಸರಿ ಬರದಿದ್ದರೆ ಅಳಿಸಿ ಇನ್ನೊಂದು. ಆಗಿನ ಕೆಲಸ ಹೇಗಿತ್ತು ಎಂದು ತಿಳಿಯದೆ ಈ ಕಥೆಯ ಬೆಲೆ ಗೊತ್ತಾಗುವುದಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಫಿಲ್ಮ್ ಎಂದರೆ ತೆಳ್ಳಗಿನ ಪಾರದರ್ಶಕ ಹಾಳೆ. ಅದರ ಮೇಲೆ ಬೆಳ್ಳಿಯ ಲವಣದ ಅತಿ ಸಣ್ಣ ಹರಳುಗಳನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಬೆಳಕು ತಾಗಿದ ಹರಳು ಬದಲಾಗುತ್ತದೆ. ರಾಸಾಯನಿಕದಲ್ಲಿ ತೊಳೆದಾಗ ಆ ಹರಳು ಕಪ್ಪು ಬೆಳ್ಳಿಯಾಗಿ ಉಳಿಯುತ್ತದೆ, ಬೆಳಕು ತಾಗದ್ದು ಕರಗಿ ಹೋಗುತ್ತದೆ. ಅದಕ್ಕೇ ನೆಗೆಟಿವ್‌ನಲ್ಲಿ ಬಿಳಿ ಇದ್ದದ್ದು ಕಪ್ಪು, ಕಪ್ಪು ಇದ್ದದ್ದು ಬಿಳಿ. ಮದುವೆ ಆಲ್ಬಮ್ ಜೊತೆ ಸ್ಟುಡಿಯೊದವರು ಕೊಡುತ್ತಿದ್ದ ಕಂದು ಪಟ್ಟಿಗಳು ಕೆಲವರ ಮನೆಯ ಟ್ರಂಕಿನಲ್ಲಿ ಇನ್ನೂ ಇರಬಹುದು.

ಆ ಅಂಟು ಏನು ಗೊತ್ತೇ? ಜೆಲಟಿನ್. ದನದ ಮೂಳೆ, ಚರ್ಮಗಳಿಂದ ತೆಗೆದದ್ದು. 1920ರ ದಶಕದಲ್ಲಿ ಕೊಡಾಕ್ ಕಂಪನಿಯ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಒಂದು ವಿಚಿತ್ರ ಸಂಗತಿ ಪತ್ತೆ ಮಾಡಿದರು. ಕೆಲವು ಜೆಲಟಿನ್‌ನಿಂದ ಮಾಡಿದ ಫಿಲ್ಮ್ ಕಡಿಮೆ ಬೆಳಕಿಗೂ ಚುರುಕಾಗಿ ಸ್ಪಂದಿಸುತ್ತಿತ್ತು, ಕೆಲವು ಮಂದವಾಗಿರುತ್ತಿತ್ತು. ಹುಡುಕುತ್ತ ಹೋದರೆ ಕಾರಣ ಸಿಕ್ಕಿದ್ದು ದನದ ಮೇವಿನಲ್ಲಿ. ಸಾಸಿವೆ ಜಾತಿಯ ಗಿಡ ಮೇಯ್ದ ದನಗಳ ಜೆಲಟಿನ್‌ನಲ್ಲಿ ಸಾಸಿವೆ ಎಣ್ಣೆಯ ಗಂಧಕದ ಅಂಶ ಉಳಿದಿರುತ್ತಿತ್ತು. ಅದೇ ಫಿಲ್ಮನ್ನು ಚುರುಕು ಮಾಡುತ್ತಿತ್ತು. ಜಗತ್ತಿನ ದೊಡ್ಡ ದೊಡ್ಡ ಫೋಟೊಗಳ ಹಿಂದೆ ಯಾವುದೋ ಊರಿನ ದನ ಮೇಯ್ದ ಸಾಸಿವೆ ಇದೆ ಎಂದರೆ ನಮಗಂತೂ ಖುಷಿಯಾಯಿತು.

ವೆಸ್ಟನ್ ಹೊತ್ತುಕೊಂಡು ಹೋಗಿದ್ದ ಕ್ಯಾಮೆರಾದ ಒಂದೊಂದು ಫಿಲ್ಮ್ ಹಾಳೆಯೂ 8 ಇಂಚು ಅಗಲ, 10 ಇಂಚು ಉದ್ದ. ಶಾಲೆಯ ಪುಸ್ತಕದ ಪುಟದಷ್ಟು. ಇಂಥ ಎರಡು ಹಾಳೆ ಹಿಡಿಸುವ ಮರದ ಚೌಕಟ್ಟಿಗೆ ಹೋಲ್ಡರ್ ಎನ್ನುತ್ತಾರೆ. ಆರು ಹೋಲ್ಡರ್ ಒಯ್ದರೆ ಹನ್ನೆರಡು ಫೋಟೊ, ಅಷ್ಟೆ. ಮುಗಿದ ಮೇಲೆ ರಾತ್ರಿ ಕತ್ತಲಲ್ಲಿ, ಡೇರೆಯೊಳಗೆ, ಬೆರಳಿನ ಅಂದಾಜಿನ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕು. ಒಂದು ಧೂಳಿನ ಕಣ ಫಿಲ್ಮ್ ಮೇಲೆ ಕೂತರೆ ಅಲ್ಲಿ ಬೆಳಕು ತಾಗುವುದಿಲ್ಲ, ಪ್ರಿಂಟಿನಲ್ಲಿ ಕಪ್ಪು ಚುಕ್ಕೆ. ಬೆವರಿದ ಕೈ ತಾಗಿದರೆ ಬೆರಳಚ್ಚು. ಎಡೈಜಾದಲ್ಲಿ ಇದರ ಜೊತೆಗೆ ಸೊಳ್ಳೆ.

ಫೋಟೊ ತೆಗೆಯುವವನು ಕಪ್ಪು ಬಟ್ಟೆ ಹೊದ್ದು ಕ್ಯಾಮೆರಾದ ಹಿಂದೆ ತಲೆ ಹಾಕುತ್ತಾನೆ. ಗಾಜಿನ ಮೇಲೆ ಬೆಟ್ಟ ತಲೆಕೆಳಗಾಗಿ ಕಾಣುತ್ತದೆ. ಹಾಗೆ ನೋಡಿಯೇ ಚೌಕಟ್ಟು ಹೊಂದಿಸಬೇಕು. ಹುಲ್ಲಿನ ಹೂವು ಹತ್ತಿರ, ಶಿಖರ ದೂರ, ಎರಡೂ ಚೂಪಾಗಿ ಬರಬೇಕೆಂದರೆ ಲೆನ್ಸಿನ ಕಣ್ಣನ್ನು ಸೂಜಿಮೊನೆಯಷ್ಟು ಕಿರಿದು ಮಾಡಬೇಕು. ಆಗ ಬೆಳಕು ಕಡಿಮೆಯಾಗುತ್ತದೆ, ಅರ್ಧ ಸೆಕೆಂಡೋ ಒಂದು ಸೆಕೆಂಡೋ ಕ್ಯಾಮೆರಾದ ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಗಾಳಿ ಬೀಸಿ ಹುಲ್ಲು ಅಲ್ಲಾಡಿದರೆ ಕೆಟ್ಟಿತು. ಹುಲ್ಲುಗಾವಲಿನ ಫೋಟೊಗಳಲ್ಲಿ ಎಷ್ಟೋ ಮುಂಜಾನೆಯಲ್ಲೇ ತೆಗೆದವು ಎಂಬುದಕ್ಕೆ ಇದೂ ಒಂದು ಕಾರಣ, ಆಗ ಗಾಳಿ ಇರುವುದಿಲ್ಲ.

ಬಣ್ಣದ್ದು ಇನ್ನೊಂದು ತಾಪತ್ರಯ. ಹಳೆಯ ಫಿಲ್ಮ್ ಮತ್ತು ಗಾಜಿನ ಫಲಕಗಳಿಗೆ ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಆಕಾಶ ಬೆಳ್ಳಗೆ ಸುಣ್ಣ ಬಳಿದ ಹಾಗೆ ಬರುತ್ತಿತ್ತು, ಮೋಡವೇ ಇಲ್ಲ. ಎತ್ತರಕ್ಕೆ ಹೋದಷ್ಟೂ ನೇರಳಾತೀತ ಕಿರಣ ಹೆಚ್ಚು, ತೊಂದರೆಯೂ ಹೆಚ್ಚು. ಎಲ್ಲ ಬಣ್ಣ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು 1906ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಲೆನ್ಸಿನ ಮುಂದೆ ಹಳದಿಯೋ ಕೆಂಪೋ ಗಾಜು ಇಟ್ಟು ಆಕಾಶವನ್ನು ಕಪ್ಪಾಗಿಸುವುದು ಸಾಧ್ಯವಾಯಿತು.

ಆಡಮ್ಸ್‌ನ ಹೆಸರಾದದ್ದು ಈ ಕೆಂಪು ಗಾಜಿನಿಂದಲೇ ಎನ್ನಬಹುದು. 1927ರ ಏಪ್ರಿಲ್ 10ರಂದು, ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಬಂಡೆಯ ಎದುರು, ಹಿಮದಲ್ಲಿ ಹತ್ತಿ ಹೋಗಿದ್ದ. ಬೆನ್ನ ಮೇಲೆ 18 ಕಿಲೋ ಹೊರೆ, ಅದರಲ್ಲಿ ಹನ್ನೆರಡು ಗಾಜಿನ ಫಲಕ. ದಾರಿಯಲ್ಲಿ ಖರ್ಚಾಗಿ ಕೊನೆಗೆ ಉಳಿದದ್ದು ಎರಡು. ಒಂದನ್ನು ಹಳದಿ ಗಾಜು ಇಟ್ಟು ತೆಗೆದ. ತೆಗೆದ ಕೂಡಲೇ ಅನ್ನಿಸಿತು, ಕಣ್ಣ ಮುಂದಿನ ಬಂಡೆಯ ಗಂಭೀರತೆ ಇದರಲ್ಲಿ ಬರುವುದಿಲ್ಲ ಎಂದು. ಕೊನೆಯ ಫಲಕಕ್ಕೆ ಗಾಢ ಕೆಂಪು ಗಾಜು ಇಟ್ಟ. ಆಕಾಶ ಇರುಳಿನಷ್ಟು ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಆ ಫೋಟೊ ಇವತ್ತಿಗೂ ಮ್ಯೂಸಿಯಂಗಳ ಗೋಡೆಯ ಮೇಲಿದೆ.

ಅಂದು ಆಕಾಶ ಅಷ್ಟು ಕಪ್ಪಾಗಿ ಇರಲಿಲ್ಲ. ಹಾಗಾದರೆ ಫೋಟೊ ಸುಳ್ಳೇ? ಈ ಪ್ರಶ್ನೆ ಈ ಲೇಖನದ ಉದ್ದಕ್ಕೂ ನಮ್ಮನ್ನು ಬಿಡಲಿಲ್ಲ. ವರದಿಗಾರರಿಗೆ ಇದು ದಿನನಿತ್ಯದ ಪ್ರಶ್ನೆ.

1932ರಲ್ಲಿ ಅದೇ ಬೆಟ್ಟಸಾಲಿನ ದಕ್ಷಿಣ ಭಾಗದಲ್ಲಿ, ಈಗ ಪ್ರೆಸಿಪಿಸ್ ಎಂದು ಕರೆಯುವ ಸರೋವರವನ್ನು ತೆಗೆದ. ಅರ್ಧ ಹೆಪ್ಪುಗಟ್ಟಿದ ನೀರು, ಮೇಲೆ ಕಪ್ಪು ಬಂಡೆಯ ಗೋಡೆ, ನಡುವೆ ಹಿಮದ ಬಿಳಿ ಪಟ್ಟಿ. ಅಲ್ಲಿ ಆಕಾಶವೇ ಇಲ್ಲ. ನಮಗೆ ಹಾಫ್ ಡೋಮ್‌ಗಿಂತ ಇದೇ ಹೆಚ್ಚು ಹಿಡಿಸಿತು. ಹಿಮದ ಬಿಳಿ ಮತ್ತು ಬಂಡೆಯ ನೆರಳು ಎರಡನ್ನೂ ಒಂದೇ ಹಾಳೆಯಲ್ಲಿ ಹಿಡಿಯುವುದು ತುಂಬ ಕಷ್ಟ. ಹಿಮಕ್ಕೆ ಹೊಂದಿಸಿದರೆ ನೆರಳು ಇದ್ದಿಲು, ನೆರಳಿಗೆ ಹೊಂದಿಸಿದರೆ ಹಿಮ ಖಾಲಿ ಕಾಗದ. 1940ರ ಸುಮಾರಿಗೆ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಸೇರಿ ಇದಕ್ಕೊಂದು ಲೆಕ್ಕಾಚಾರ ಕಟ್ಟಿದರು, ಅದೇ ಝೋನ್ ಸಿಸ್ಟಮ್. ಕಪ್ಪಿನಿಂದ ಬಿಳಿಯ ತನಕ ಮೆಟ್ಟಿಲು ಮಾಡಿ, ಯಾವ ವಸ್ತು ಯಾವ ಮೆಟ್ಟಿಲ ಮೇಲೆ ಕೂರಬೇಕು ಎಂದು ಮೊದಲೇ ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಬೆಳಕು ಕೊಡುವುದು, ಅದಕ್ಕೆ ತಕ್ಕಂತೆ ತೊಳೆಯುವುದು. ಬೆಳಕು ಅಳೆಯಲು ಆಗ ವೆಸ್ಟನ್ ಮೀಟರ್ ಎಂಬ ಉಪಕರಣ ಬಂದಿತ್ತು. ಅದನ್ನು ಮಾಡಿದ ಕಂಪನಿ ಕಟ್ಟಿದವನ ಹೆಸರೂ ಎಡ್ವರ್ಡ್ ವೆಸ್ಟನ್. ನಮ್ಮ ಫೋಟೊಗ್ರಾಫರ್ ವೆಸ್ಟನ್‌ಗೂ ಅವನಿಗೂ ಸಂಬಂಧವಿಲ್ಲ!

ಮತ್ತೆ ಎಡೈಜಾಕ್ಕೆ ಬರೋಣ. ಬೆಟ್ಟದಲ್ಲಿ ಫಿಲ್ಮ್ ತೊಳೆಯಲಾಗುವುದಿಲ್ಲ. ಏನು ಬಂದಿದೆ, ಏನು ಕೆಟ್ಟಿದೆ ಎಂದು ಗೊತ್ತಿಲ್ಲದೆಯೇ ಹೇಸರಗತ್ತೆಯ ಮೇಲೆ ಹೇರಿಕೊಂಡು ಇಳಿಯಬೇಕು. ತಂಡ ಇಳಿದು ಯೊಸೆಮಿಟಿಯಲ್ಲಿದ್ದ ಆಡಮ್ಸ್ ಮನೆಗೆ ಬಂತು. ಆಡಮ್ಸ್‌ನ ಹೆಂಡತಿ ವರ್ಜೀನಿಯಾಳ ತಂದೆ ಅಲ್ಲಿ ಸ್ಟುಡಿಯೊ ನಡೆಸುತ್ತಿದ್ದರು, ಅವರು 1936ರಲ್ಲಿ ತೀರಿಹೋದ ಮೇಲೆ ಮಗಳಿಗೆ ಬಂದಿತ್ತು. ವಾಪಸು ಬಂದ ಆ ರಾತ್ರಿಯೇ ಆಡಮ್ಸ್‌ನ ಡಾರ್ಕ್‌ರೂಮಿಗೆ ಬೆಂಕಿ ಬಿತ್ತು. ದಣಿದು ಬಂದವರು ಓಡಿಹೋಗಿ ಕೈಗೆ ಸಿಕ್ಕಷ್ಟು ನೆಗೆಟಿವ್ ಎಳೆದು ಹೊರಗೆ ಹಾಕಿದರು. ಆದರೂ ವರ್ಷಗಟ್ಟಲೆ ಬೆಟ್ಟ ಹತ್ತಿ ತೆಗೆದ ಸಾವಿರಾರು ನೆಗೆಟಿವ್ ಸುಟ್ಟುಹೋದವು. ಹಾಫ್ ಡೋಮ್‌ನ ಆ ಗಾಜಿನ ಫಲಕದ ಅಂಚೂ ಸುಟ್ಟಿತು, ಆಮೇಲಿನ ಪ್ರಿಂಟುಗಳಲ್ಲಿ ಆ ಭಾಗ ಬಿಟ್ಟು ಹಾಕಬೇಕಾಯಿತು.

ನಕಲು ಪ್ರತಿ ಎಂಬುದೇ ಇರಲಿಲ್ಲ. ಫೋನು ಕಳೆದರೂ ಗೂಗಲ್‌ನಲ್ಲಿ ಫೋಟೊ ಇರುತ್ತದೆ ಎಂಬ ಕಾಲ ಅಲ್ಲ ಅದು. ಉಳಿದದ್ದನ್ನು ನೋಡುವಾಗ ಸುಟ್ಟದ್ದರಲ್ಲಿ ಏನಿತ್ತೋ ಎಂದು ಅನ್ನಿಸದೆ ಇರದು.

ಇಷ್ಟಕ್ಕೂ ಈ ಫೋಟೊಗಳು ಯಾವ ಕೆಲಸಕ್ಕೆ ಬಂದವು? ಇದನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ಯೊಸೆಮಿಟಿಯ ಉತ್ತರಕ್ಕೆ ಹೆಚ್ ಹೆಚಿ ಎಂಬ ಇನ್ನೊಂದು ಕಣಿವೆ ಇತ್ತು. ತಳದಲ್ಲಿ ಹಸಿರು ಹುಲ್ಲುಗಾವಲು, ನಡುವೆ ಹೊಳೆ, ಎರಡೂ ಕಡೆ ಬಂಡೆಯ ಗೋಡೆ. ಅಲ್ಲಿನ ಮಿವೊಕ್ ಜನ ತಿನ್ನುತ್ತಿದ್ದ ಹುಲ್ಲಿನ ಬೀಜದಿಂದ ಆ ಹೆಸರು ಬಂತು ಎನ್ನುತ್ತಾರೆ. 1890ರಿಂದಲೇ ಅದು ರಾಷ್ಟ್ರೀಯ ಉದ್ಯಾನದ ಒಳಗಿತ್ತು. 1906ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಭೂಕಂಪವಾಗಿ ಊರೆಲ್ಲ ಹೊತ್ತಿ ಉರಿಯಿತು. ನೀರಿಲ್ಲದೆ ಊರು ಸುಟ್ಟಿತು, ಅಣೆಕಟ್ಟು ಬೇಕು ಎಂಬ ಕೂಗು ಜೋರಾಯಿತು. ಅದೇ ಭೂಕಂಪದಲ್ಲಿ ನಾಲ್ಕು ವರ್ಷದ ಆನ್ಸೆಲ್ ಆಡಮ್ಸ್ ಬಿದ್ದು ಮೂಗು ಮುರಿದುಕೊಂಡಿದ್ದ. ಜೀವನಪೂರ್ತಿ ಅದು ಸೊಟ್ಟಗೇ ಇತ್ತು.

ಜಾನ್ ಮ್ಯೂರ್ ಮತ್ತು ಅವನ ಸಿಯೆರಾ ಕ್ಲಬ್ ಅಣೆಕಟ್ಟನ್ನು ವಿರೋಧಿಸಿದರು. ಜೋಸೆಫ್ ಲೆಕಾಂಟ್, ಹರ್ಬರ್ಟ್ ಗ್ಲೀಸನ್ ಮುಂತಾದವರು ಕಣಿವೆಯ ಫೋಟೊ ತೆಗೆದರು, ಕರಪತ್ರಗಳಲ್ಲಿ ಅಚ್ಚು ಹಾಕಿಸಿ ದೇಶದ ತುಂಬ ಹಂಚಿದರು. ಎದುರಿನವರೇನು ಸುಮ್ಮನಿದ್ದರೇ? 1912ರಲ್ಲಿ ಎಂಜಿನಿಯರ್ ಜಾನ್ ಫ್ರೀಮನ್ ನಗರದ ಪರವಾಗಿ ಒಂದು ದೊಡ್ಡ ವರದಿ ಕೊಟ್ಟ. ಅದರಲ್ಲಿ ಕಣಿವೆಯ ಫೋಟೊಗಳ ಮೇಲೆ ಚಿತ್ರಗಾರರಿಂದ ನೀರು ಬರೆಸಿದ್ದ. ತುಂಬಿದ ಜಲಾಶಯ, ಅದರಲ್ಲಿ ಬಂಡೆಗಳ ಪ್ರತಿಬಿಂಬ, ದಂಡೆಯಲ್ಲಿ ಚೆಂದದ ರಸ್ತೆ. ಹುಲ್ಲುಗಾವಲು ಮುಳುಗಿದರೆ ಇನ್ನೂ ಸುಂದರವಾದ ಸರೋವರ ಸಿಗುತ್ತದೆ ಎಂಬ ಅರ್ಥ ಬರುವ ಹಾಗೆ. ಈಗ ಎಐ ಫೋಟೊ ಎಂದು ಗಾಬರಿಯಾಗುತ್ತೇವಲ್ಲ, ನೂರು ವರ್ಷದ ಹಿಂದೆಯೇ ಸರ್ಕಾರಿ ಮೇಜಿನ ಮೇಲೆ ಆಗದ ಫೋಟೊ ಇಟ್ಟು ಕೆಲಸ ಮಾಡಿಸಿಕೊಂಡಿದ್ದಾರೆ.

1913ರ ಡಿಸೆಂಬರ್ 19ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಕಾಯ್ದೆಗೆ ಸಹಿ ಹಾಕಿದರು. ಮರುವರ್ಷ ಡಿಸೆಂಬರ್‌ನಲ್ಲಿ ಮ್ಯೂರ್ ತೀರಿಹೋದ. 1923ರಲ್ಲಿ ಅಣೆಕಟ್ಟು ಮುಗಿಯಿತು, ಹುಲ್ಲುಗಾವಲು ನೀರಿನ ಅಡಿಗೆ ಹೋಯಿತು. ಇವತ್ತಿಗೂ ಸ್ಯಾನ್‌ಫ್ರಾನ್ಸಿಸ್ಕೊ ಕುಡಿಯುವುದು ಮುಖ್ಯವಾಗಿ ಆ ನೀರನ್ನೇ. ಕಣಿವೆ ಹೇಗಿತ್ತು ಎಂದು ನೋಡಬೇಕೆಂದರೆ ಆ ಹಳೆಯ ಫೋಟೊಗಳಷ್ಟೇ ಗತಿ.

ನಗರದ ಜನರಿಗೆ ನೀರು ಬೇಡವಿತ್ತು ಎಂದು ನಾವು ಹೇಳುತ್ತಿಲ್ಲ. ಬೇಕಿತ್ತು. ಆದರೆ ಬೇರೆ ಜಾಗಗಳೂ ಚರ್ಚೆಯಲ್ಲಿದ್ದವು, ಕಣಿವೆ ಸರ್ಕಾರದ ಜಾಗವಾದ್ದರಿಂದ ಇದೇ ಅಗ್ಗವಾಗಿ ಸಿಕ್ಕಿತು. ಯಾರ ಖಾಸಗಿ ಹೆಸರಲ್ಲೂ ಇಲ್ಲದ ಹುಲ್ಲುಗಾವಲಿನ ಪಾಡು ಎಲ್ಲ ಕಡೆ ಒಂದೇ. ಗೋಮಾಳದ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿ ಅಲೆದವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಆಡಮ್ಸ್ ಮೊದಲ ಸಲ ಯೊಸೆಮಿಟಿಗೆ ಬಂದದ್ದು 1916ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ತಂದೆ ತಾಯಿ ಕೈಗೊಂದು ಕೊಡಾಕ್ ಬ್ರೌನಿ ಡಬ್ಬಿ ಕ್ಯಾಮೆರಾ ಕೊಟ್ಟರು. ಪಿಯಾನೊ ಕಲಿಯುತ್ತಿದ್ದ ಹುಡುಗ. 1919ರಲ್ಲಿ ಸಿಯೆರಾ ಕ್ಲಬ್ ಸೇರಿದ, 1923ರಲ್ಲಿ ಎಡೈಜಾದ ಹತ್ತಿರವೇ ಇರುವ ಥೌಸಂಡ್ ಐಲೆಂಡ್ ಸರೋವರ ಮತ್ತು ಬ್ಯಾನರ್ ಶಿಖರದ ಫೋಟೊ ತೆಗೆದ. 1934ರಲ್ಲಿ ಕ್ಲಬ್ಬಿನ ನಿರ್ದೇಶಕ ಮಂಡಳಿಗೆ ಆಯ್ಕೆಯಾದ.

ಆಗ ದಕ್ಷಿಣದ ಕಿಂಗ್ಸ್ ನದಿಯ ಕಣಿವೆಗಳ ಮೇಲೆ ಲಾಸ್ ಏಂಜಲೀಸ್ ನಗರದ ಕಣ್ಣು ಬಿದ್ದಿತ್ತು. ಮತ್ತೆ ಅಣೆಕಟ್ಟು. ಆ ಜಾಗವನ್ನು ರಾಷ್ಟ್ರೀಯ ಉದ್ಯಾನ ಮಾಡಿಸಬೇಕು ಎಂದು ಕ್ಲಬ್ 1936ರಲ್ಲಿ ಆಡಮ್ಸ್‌ನನ್ನು ವಾಷಿಂಗ್ಟನ್‌ಗೆ ಕಳಿಸಿತು. ಬಗಲಲ್ಲಿ ಫೋಟೊಗಳ ಕಟ್ಟು ಇಟ್ಟುಕೊಂಡು ಸಂಸದರ ಕೋಣೆ ಕೋಣೆ ಸುತ್ತಿದ. ಆಗ ಕೆಲಸ ಆಗಲಿಲ್ಲ.

ಕೆಲಸ ಆದದ್ದು ಒಂದು ಸಾವಿನಿಂದ ಎಂದರೆ ತಪ್ಪಾಗದು. ವಾಲ್ಟರ್ ಸ್ಟಾರ್ ಎಂಬ ಮೂವತ್ತರ ಯುವಕ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಕೀಲ. ರಜೆ ಸಿಕ್ಕಿದಾಗಲೆಲ್ಲ ಒಬ್ಬನೇ ಬೆಟ್ಟ ಹತ್ತುತ್ತಿದ್ದ, ದಾರಿಗಳ ಕೈಪಿಡಿ ಬರೆಯುತ್ತಿದ್ದ. 1933ರ ಆಗಸ್ಟ್‌ನಲ್ಲಿ ಹೋದವನು ಬರಲಿಲ್ಲ. ಹುಡುಕಲು ಹೋದವರಿಗೆ ಅವನ ಬಿಡಾರ ಸಿಕ್ಕಿದ್ದು ಎಡೈಜಾ ಸರೋವರದ ಹತ್ತಿರ. ಅಲ್ಲಿಂದ ಮಿನರೆಟ್ಸ್ ಕಡೆ ಹೋಗಿದ್ದ. ಹುಡುಕುವವರು ಸುಸ್ತಾಗಿ ಮರಳಿದ ಮೇಲೂ ನಾರ್ಮನ್ ಕ್ಲೈಡ್ ಎಂಬ ಹಳೆಯ ಪರ್ವತಾರೋಹಿ ಒಬ್ಬನೇ ಉಳಿದು ಹುಡುಕಿದ. ಆಗಸ್ಟ್ 25ರಂದು ಮೈಕೆಲ್ ಮಿನರೆಟ್‌ನ ಕಡಿದಾದ ಗೋಡೆಯಲ್ಲಿ ದೇಹ ಸಿಕ್ಕಿತು. ಕೆಳಗೆ ತರುವುದು ಸಾಧ್ಯವಿರಲಿಲ್ಲ. ಕ್ಲೈಡ್ ಮತ್ತು ಜೂಲ್ಸ್ ಐಕಾರ್ನ್ ಅಲ್ಲೇ ಕಲ್ಲು ಜೋಡಿಸಿ ಸಮಾಧಿ ಮಾಡಿದರು. ತಂದೆ ಕೆಳಗಿನಿಂದ ನೋಡುತ್ತ ನಿಂತಿದ್ದರು.

ಆ ತಂದೆಯ ಹೆಸರೂ ವಾಲ್ಟರ್ ಸ್ಟಾರ್. ಮಗ ಅರ್ಧಕ್ಕೆ ಬಿಟ್ಟ ಕೈಪಿಡಿಯನ್ನು ತಾವೇ ಮುಗಿಸಿ 1934ರಲ್ಲಿ ಹೊರತಂದರು. ಆಮೇಲೆ ಮಗನ ನೆನಪಿಗೆ ಬೆಟ್ಟಗಳದ್ದೇ ಒಂದು ಫೋಟೊ ಪುಸ್ತಕ ಆಗಲಿ ಎಂದು ಆಡಮ್ಸ್‌ಗೆ ಹೇಳಿ ಹಣ ಹಾಕಿದರು. 1938ರಲ್ಲಿ 'ಸಿಯೆರಾ ನೆವಾಡಾ: ದ ಜಾನ್ ಮ್ಯೂರ್ ಟ್ರೇಲ್' ಬಂತು. ಐವತ್ತು ಫೋಟೊ, ಐನೂರು ಪ್ರತಿ. ಮಗ ಸತ್ತ ಬೆಟ್ಟದ ಅಡಿಗೆ, ಅವನು ಬಿಡಾರ ಹೂಡಿದ್ದ ಸರೋವರಕ್ಕೆ, ಆಡಮ್ಸ್ 1937ರಲ್ಲಿ ಹೋಗಿದ್ದನ್ನು ಈಗ ಇನ್ನೊಮ್ಮೆ ನೆನೆಯಿರಿ.

ಪುಸ್ತಕದ ಒಂದು ಪ್ರತಿ ಉದ್ಯಾನ ಇಲಾಖೆಯ ಮುಖ್ಯಸ್ಥರಿಗೆ ಹೋಯಿತು, ಅವರಿಂದ ಮಂತ್ರಿ ಹ್ಯಾರಲ್ಡ್ ಇಕ್ಸ್ ಅವರ ಕೈಗೆ, ಅವರಿಂದ ಅಧ್ಯಕ್ಷ ರೂಸ್‌ವೆಲ್ಟ್ ಕೈಗೆ. ರೂಸ್‌ವೆಲ್ಟ್‌ಗೆ ಪೋಲಿಯೊದಿಂದ ಕಾಲು ಬರುತ್ತಿರಲಿಲ್ಲ, ಅಂಥ ಬೆಟ್ಟ ಹತ್ತುವ ಮಾತೇ ಇಲ್ಲ. ನೋಡಿ ಮೆಚ್ಚಿ ಪುಸ್ತಕ ತಮ್ಮಲ್ಲೇ ಇಟ್ಟುಕೊಂಡರು. ಇಕ್ಸ್‌ಗೆ ಆಡಮ್ಸ್ ಇನ್ನೊಂದು ಪ್ರತಿ ಕಳಿಸಬೇಕಾಯಿತು. 1940ರ ಮಾರ್ಚ್ 4ರಂದು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಕಾಯ್ದೆ ಆಯಿತು.

ಫೋಟೊ ನೋಡಿಯೇ ಉದ್ಯಾನ ಆಯಿತು ಎಂದು ಬರೆಯುವುದು ಸುಲಭ, ಬಹಳ ಜನ ಹಾಗೇ ಬರೆಯುತ್ತಾರೆ. ನಮಗೆ ಅಷ್ಟು ನಂಬಿಕೆ ಇಲ್ಲ. ಇಕ್ಸ್ ಪಟ್ಟು ಹಿಡಿದಿದ್ದರು, ಕ್ಲಬ್ಬಿನವರು ವರ್ಷಗಟ್ಟಲೆ ಓಡಾಡಿದ್ದರು, ಕಣಿವೆಯ ರೈತರ ನೀರಾವರಿ ಬೇಡಿಕೆಗೆ ಬೇರೆ ದಾರಿ ಮಾಡಿಕೊಡುವ ಮಾತು ನಡೆದಿತ್ತು. ಎಲ್ಲಕ್ಕಿಂತ ದೊಡ್ಡದು, ಅಣೆಕಟ್ಟಿಗೆ ಬೇಕಿದ್ದ ಟೆಹಿಪಿಟೆ ಮತ್ತು ಸೀಡರ್ ಗ್ರೋವ್ ಎಂಬ ಎರಡು ಕಣಿವೆಗಳನ್ನು ಉದ್ಯಾನದಿಂದ ಹೊರಗೇ ಬಿಟ್ಟರು. ಅವು ಒಳಗೆ ಸೇರಿದ್ದು 1965ರಲ್ಲಿ. ಕಾಲು ಶತಮಾನ ಅವುಗಳ ಹಣೆಬರಹ ತೂಗುಯ್ಯಾಲೆಯಲ್ಲಿತ್ತು. ಫೋಟೊ ಬಾಗಿಲು ತೆರೆಸಿರಬಹುದು, ಒಳಗೆ ವ್ಯವಹಾರ ಎಂದಿನಂತೆಯೇ ನಡೆಯಿತು.

ಈಗ ಈ ಫೋಟೊಗಳಲ್ಲಿ ಇಲ್ಲದವರ ಮಾತು. ಆಡಮ್ಸ್‌ನ ಸರೋವರ, ಹುಲ್ಲುಗಾವಲುಗಳಲ್ಲಿ ಮನುಷ್ಯರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಜನರನ್ನು ತೆಗೆಯಲು ಬರುತ್ತಿರಲಿಲ್ಲ ಎಂದಲ್ಲ. 1943ರಲ್ಲಿ ಇದೇ ಬೆಟ್ಟಸಾಲಿನ ಪೂರ್ವದ ತಪ್ಪಲಿನಲ್ಲಿ, ಮಂಜನಾರ್ ಎಂಬಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಯುದ್ಧದ ನೆಪದಲ್ಲಿ ಕೂಡಿಹಾಕಿದ್ದಾಗ ಅಲ್ಲಿಗೆ ಹೋಗಿ ಅವರ ಫೋಟೊ ತೆಗೆದ, ಪುಸ್ತಕ ಮಾಡಿದ. ಬೆಟ್ಟದಲ್ಲಿ ಮಾತ್ರ ಯಾರೂ ಬೇಡವಾಗಿತ್ತು.

ಆದರೆ ಆ ಬೆಟ್ಟ ಖಾಲಿ ಇರಲಿಲ್ಲ. ಮೋನೊ ಸರೋವರದ ಕಡೆಯ ಪೈಯೂಟ್ ಜನ ಬೇಸಿಗೆಯಲ್ಲಿ ಕಣಿವೆದಾರಿ ಹತ್ತಿ ಬಂದು ಪಶ್ಚಿಮದ ಮಿವೊಕ್ ಜನರ ಜೊತೆ ವಿನಿಮಯ ಮಾಡುತ್ತಿದ್ದರು. ಕಪ್ಪು ಗಾಜಿನಂಥ ಅಬ್ಸಿಡಿಯನ್ ಕಲ್ಲು ಕೊಟ್ಟು ಓಕ್ ಮರದ ಕಾಯಿ ಒಯ್ಯುತ್ತಿದ್ದರು. ಯೊಸೆಮಿಟಿ ಕಣಿವೆಯ ತಳದ ಹುಲ್ಲುಗಾವಲು ತನ್ನಷ್ಟಕ್ಕೆ ತಾನೇ ತೆರೆದಿರಲಿಲ್ಲ. ಅಲ್ಲಿನ ಮೂಲನಿವಾಸಿಗಳು ಕಾಲಕಾಲಕ್ಕೆ ಬೆಂಕಿ ಕೊಟ್ಟು ಪೊದೆ ಬೆಳೆಯದಂತೆ ನೋಡಿಕೊಂಡಿದ್ದರು. ಅವರನ್ನು ಹೊರಹಾಕಿ, ಬೆಂಕಿ ನಿಲ್ಲಿಸಿದ ಮೇಲೆ ಮರಗಳು ಹುಲ್ಲನ್ನು ನುಂಗತೊಡಗಿದವು.

1851ರಲ್ಲಿ ಮ್ಯಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ತಂಡ ಅಹ್ವಾನೀಚಿ ಜನರನ್ನು ಹಿಡಿಯಲು ಹೋಯಿತು. ಅವರ ಮುಖಂಡ ಟೆನಾಯಾ. ಮಗನನ್ನು ಕಳೆದುಕೊಂಡಿದ್ದ. ಎತ್ತರದ ಒಂದು ಸರೋವರದ ದಂಡೆಯಲ್ಲಿ ಅವನ ಜನ ಸಿಕ್ಕಿಬಿದ್ದರು. ತಂಡದಲ್ಲಿದ್ದ ಬನೆಲ್ ಎಂಬಾತ ಈ ಸರೋವರಕ್ಕೆ ನಿನ್ನ ಹೆಸರೇ ಇಡುತ್ತೇವೆ ಎಂದು ಗೌರವ ತೋರಿಸುವವನಂತೆ ಹೇಳಿದನಂತೆ. ಇದಕ್ಕೆ ಆಗಲೇ ಹೆಸರಿದೆ, ಪೈವಿಯಾಕ್ ಎನ್ನುತ್ತೇವೆ ಎಂದು ಟೆನಾಯಾ ಉತ್ತರ ಕೊಟ್ಟ ಎಂದು ಬನೆಲ್‌ನೇ ಬರೆದಿಟ್ಟಿದ್ದಾನೆ. ಹೊಳೆಯುವ ಬಂಡೆಗಳ ಸರೋವರ ಎಂದು ಅದರ ಅರ್ಥ. ಇವತ್ತಿನ ನಕ್ಷೆಯಲ್ಲಿ ಅದು ಟೆನಾಯಾ ಸರೋವರ.

ಆಮೇಲೆ ಬಂದವರು ಕುರಿ ಕಾಯುವವರು. ಮ್ಯೂರ್ ಕೂಡ 1869ರಲ್ಲಿ ಮೊದಲು ಆ ಎತ್ತರಕ್ಕೆ ಹೋದದ್ದು ಕುರಿ ಹಿಂಡಿನ ಹಿಂದೆಯೇ. ಆಮೇಲೆ ಕುರಿಗಳನ್ನು ಮಿಡತೆಗೆ ಹೋಲಿಸಿ ಬೈದ. 1891ರಿಂದ ಕುದುರೆ ಸೈನಿಕರು ಉದ್ಯಾನ ಕಾಯ್ದು ಕುರಿಗಾಹಿಗಳನ್ನು ಓಡಿಸಿದರು. ಕುರಿ ಹಿಂಡು ಹುಲ್ಲನ್ನು ಹಾಳು ಮಾಡಿದ್ದು ಸುಳ್ಳಲ್ಲ. ಆದರೆ ಸಿಯೆರಾ ಕ್ಲಬ್ 1901ರಿಂದ ಪ್ರತಿ ಬೇಸಿಗೆ ಬೆಟ್ಟಕ್ಕೆ ದೊಡ್ಡ ಪ್ರವಾಸ ಒಯ್ಯುತ್ತಿತ್ತು. ಇನ್ನೂರರಷ್ಟು ಜನ, ಅವರ ಅಡುಗೆ, ಹಾಸಿಗೆ, ಕ್ಯಾಮೆರಾ ಹೊರಲು ಹೇಸರಗತ್ತೆಗಳ ಸಾಲು. ಅವು ರಾತ್ರಿ ಮೇಯುತ್ತಿದ್ದದ್ದು ಎಲ್ಲಿ? ಅದೇ ಹುಲ್ಲುಗಾವಲಿನಲ್ಲಿ. ತೇವದ ಹುಲ್ಲನ್ನು ಗೊರಸು ತುಳಿದರೆ ಬೇರಿನ ಹೆಪ್ಪು ಹರಿಯುತ್ತದೆ, ಮಳೆನೀರು ಅಲ್ಲೇ ಕೊರಕಲು ಮಾಡುತ್ತದೆ. ಕೊರಕಲು ಆಳವಾದಷ್ಟೂ ಸುತ್ತಲಿನ ತೇವ ಇಳಿದುಹೋಗುತ್ತದೆ. ಹುಲ್ಲು ಒಣಗುತ್ತದೆ, ಪೈನ್ ಸಸಿ ಏಳುತ್ತವೆ. ಉದ್ಯಾನ ಇಲಾಖೆಯ ಜೀವವಿಜ್ಞಾನಿ ಲೊವೆಲ್ ಸಮ್ನರ್ 1930ರ ದಶಕದಿಂದಲೇ ಇದನ್ನು ಬರೆದು ಎಚ್ಚರಿಸಿದರು. ಕ್ಲಬ್ ತನ್ನ ಪ್ರವಾಸಗಳನ್ನು ಚಿಕ್ಕದು ಮಾಡಲು ಇನ್ನೂ ವರ್ಷಗಳು ಹಿಡಿದವು. ಆಡಮ್ಸ್ ತೆಗೆದ ಹುಲ್ಲುಗಾವಲಿನ ಫೋಟೊಗಳಲ್ಲಿ ಒಂದು ಗೊರಸಿನ ಗುರುತನ್ನೂ ನಾವು ಕಾಣಲಿಲ್ಲ. ಕುರಿಗಾಹಿಯನ್ನು ಕಳ್ಳ ಎಂದ ಕಾಲದಲ್ಲಿ ಫೋಟೊಗ್ರಾಫರನ ಹೇಸರಗತ್ತೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ನಮ್ಮ ತಕರಾರು.

ಆಡಮ್ಸ್‌ಗೂ ತಾನು ಪ್ರೀತಿಸಿದ ಜಾಗ ಕಣ್ಣೆದುರು ಹಾಳಾಗುವುದನ್ನು ನೋಡುವುದು ತಪ್ಪಲಿಲ್ಲ. 1958ರಲ್ಲಿ ಟೆನಾಯಾ ಸರೋವರದ ದಂಡೆಯ ನುಣುಪು ಬಂಡೆಗಳಿಗೆ ರಸ್ತೆ ಅಗಲ ಮಾಡಲು ಸಿಡಿಮದ್ದು ಇಟ್ಟರು. ಟಿಯೋಗಾ ರಸ್ತೆ, ಪ್ರವಾಸಿಗರ ಕಾರುಗಳಿಗೆ. ಆಡಮ್ಸ್ ಮಂತ್ರಿಗಳಿಗೆ ತಂತಿ ಕಳಿಸಿದ. ಕೆಲಸ ಕೆಲವು ದಿನ ನಿಂತಿತು, ಮೇಲಿನವರು ಬಂದು ನೋಡಿ ಹೋದರು, ಮತ್ತೆ ಶುರುವಾಯಿತು. ಪೈವಿಯಾಕ್ ಎಂಬ ಹೆಸರಿಗೆ ಕಾರಣವಾದ ಹೊಳೆಯುವ ಬಂಡೆಗಳೇ ಅವು. ಅವುಗಳ ಫೋಟೊ ನೋಡಿ ಬರುವ ಜನ ಹೆಚ್ಚಿದ್ದರಿಂದಲೇ ರಸ್ತೆ ಬೇಕಾಯಿತು ಎಂಬುದನ್ನೂ ಸೇರಿಸಬೇಕು.

ಎಡೈಜಾದ ಕಥೆ ಬೇರೆ. 1905ರಲ್ಲಿ ಗಣಿ ಮತ್ತು ಮರದ ವ್ಯಾಪಾರಿಗಳ ಒತ್ತಡಕ್ಕೆ ಮಿನರೆಟ್ಸ್ ಭಾಗವನ್ನು ಯೊಸೆಮಿಟಿ ಉದ್ಯಾನದಿಂದ ಕತ್ತರಿಸಿ ತೆಗೆದಿದ್ದರು. 1940ರ ಕಿಂಗ್ಸ್ ಕ್ಯಾನ್ಯನ್ ಉದ್ಯಾನ ಅಲ್ಲಿಂದ ದೂರ ದಕ್ಷಿಣದಲ್ಲಿ. 1964ರ ಕಾಯ್ದೆಯಲ್ಲಿ ಅದು ಅರಣ್ಯ ಇಲಾಖೆಯ ಅಡಿಯಲ್ಲಿ ರಸ್ತೆ ಇಲ್ಲದ ಸಂರಕ್ಷಿತ ಕಾಡಾಯಿತು. ಆಡಮ್ಸ್ 1984ರ ಏಪ್ರಿಲ್ 22ರಂದು ತೀರಿಹೋದ. ಅದೇ ವರ್ಷ ಆ ಕಾಡನ್ನು ದೊಡ್ಡದು ಮಾಡಿ ಆನ್ಸೆಲ್ ಆಡಮ್ಸ್ ಅರಣ್ಯ ಎಂದು ಹೆಸರಿಟ್ಟರು. ಈಗ ಎಡೈಜಾದಲ್ಲಿ ರಾತ್ರಿ ತಂಗಬೇಕೆಂದರೆ ಪರವಾನಗಿ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಸಾಮಾನು ಹೊರುವ ಹೇಸರಗತ್ತೆಗಳು ಆ ಕಣಿವೆಗಳಿಗೆ ಈಗಲೂ ಹೋಗುತ್ತವೆ, ಅವು ಎಲ್ಲಿ ಮೇಯಬೇಕು, ಎಲ್ಲಿ ಕೂಡದು ಎಂಬುದಕ್ಕೆ ನಿಯಮಗಳಿವೆ. ಸೊಳ್ಳೆಗಳಿಗೆ ಯಾವ ನಿಯಮವೂ ಇಲ್ಲ.